ಸೋತವನ ಪಕ್ಕದಲ್ಲಿ ಒಂದು ಕುರ್ಚಿ

ಕಳೆದ ತಿಂಗಳು ನಮ್ಮ ನೀರ್ಚಾಲು ಕಡೆಯ ಒಬ್ಬ ಹುಡುಗ, ಪ್ಲಸ್ ಟು ಓದುವವ, ಸಂಜೆ ಹೊತ್ತಿಗೆ ಮನೆಯ ಜಗಲಿಗೆ ಬಂದು ನಿಂತ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಗೇಮ್ ಆಡುವ ಕಂಟ್ರೋಲರ್. "ಅಣ್ಣ, ಇದನ್ನು ನೀವು ತಗೊಳ್ತೀರಾ? ನನಗೆ ಇನ್ನು ಬೇಡ," ಅಂದ. ಯಾಕೆ ಎಂದು ಕೇಳಿದೆ. "ಎಷ್ಟು ಆಡಿದರೂ ಸೋಲುವುದೇ. ನನ್ನಿಂದ ಆಗುವಂಥದ್ದಲ್ಲ ಅದು," ಅಂದು ನೆಲ ನೋಡಿದ. 1500 ರೂಪಾಯಿ ಕೊಟ್ಟು ತೆಗೆದುಕೊಂಡೆ. ಚಹಾ ಕುಡಿದು ಹೋದ. ಅವನು ಹೋದ ಮೇಲೆ ದೀಪದ ಬೆಳಕಿನಲ್ಲಿ ಹಿಡಿದು ನೋಡಿದರೆ ಕಂಟ್ರೋಲರಿನ ಎಡಬದಿಯ ಬಾಣದ ಗುಂಡಿಗಳು ಸವೆದು ನುಣುಪಾಗಿದ್ದವು. ಅಷ್ಟು ಆಡಿದ್ದಾನೆ. ಅಷ್ಟು ಆಡಿದವನಿಗೆ ಅವನು ಎಲ್ಲಿ ಸೋಲುತ್ತಿದ್ದಾನೆ ಎಂದು ಹೇಳಲು ಒಬ್ಬರೂ ಇರಲಿಲ್ಲ.

ಈ ಲೇಖನ ಬರೆಯಲು ಕೂತದ್ದು ಆ ಸವೆದ ಗುಂಡಿಗಳನ್ನು ನೋಡಿ.

ಫೈಟಿಂಗ್ ಗೇಮ್ ಅಂದರೆ ಏನೆಂದು ತಿಳಿಯದ ಹಿರಿಯರಿಗಾಗಿ ಮೊದಲು ಒಂದೆರಡು ಮಾತು. ಪರದೆಯ ಮೇಲೆ ಇಬ್ಬರು ಜಟ್ಟಿಗಳು. ಒಬ್ಬನನ್ನು ಆಡಿಸುವವ ನಾನು, ಇನ್ನೊಬ್ಬನನ್ನು ಆಡಿಸುವವರು ಬೇರೆ ಯಾರೋ, ಪಕ್ಕದಲ್ಲಿ ಕೂತವರು ಇರಬಹುದು, ಸಾವಿರ ಮೈಲು ದೂರದವರೂ ಇರಬಹುದು. ಮೂರು ಸುತ್ತಿನಲ್ಲಿ ಎರಡು ಗೆದ್ದವರಿಗೆ ಪಂದ್ಯ. ಕ್ರಿಕೆಟ್ಟಿನ ಹಾಗೆ ಹತ್ತು ಜನ ಜೊತೆಗಾರರಿಲ್ಲ, ಇಸ್ಪೀಟಿನ ಹಾಗೆ ಎಲೆ ಕೆಟ್ಟು ಬಂತು ಎನ್ನಲಿಕ್ಕಿಲ್ಲ. ಸೋಲು ಪೂರ್ತಿ ನಮ್ಮದೇ. ಜಪಾನಿನ ಕ್ಯಾಪ್ಕಾಮ್ ಕಂಪನಿ 1991ರಲ್ಲಿ ತಂದ ಸ್ಟ್ರೀಟ್ ಫೈಟರ್ 2 ಈ ಬಗೆಯ ಆಟವನ್ನು ಜಗತ್ತಿನ ಅಂಗಡಿ ಅಂಗಡಿಗೆ ಮುಟ್ಟಿಸಿತು. ಅದರಲ್ಲಿ ಧಾಲ್ಸಿಮ್ ಎಂಬ ಭಾರತದ ಯೋಗಿಯೂ ಇದ್ದ, ಅವನ ಅಂಗಣದ ಹಿಂದೆ ಆನೆಗಳು ಸಾಲಾಗಿ ನಿಂತು ಘೀಳಿಡುತ್ತಿದ್ದವು. ಅದೇ ಸರಣಿಯ ಆರನೆಯದು 2023ರ ಜೂನಿನಲ್ಲಿ ಬಂತು. ನಾನು ಆಡುವುದು ಅದನ್ನು.

ಆ ವರ್ಷದ ಆಟಿ ತಿಂಗಳ ಒಂದು ರಾತ್ರಿ ನಾನು ಕೂತಲ್ಲೇ ಸಾಲಾಗಿ 11 ಪಂದ್ಯ ಸೋತೆ. ಹೊರಗೆ ಅಡಿಕೆ ತೋಟದ ಮೇಲೆ ಬಿಡದೆ ಹೊಯ್ಯುವ ಮಳೆ. ಒಳಗೆ ನಾನೊಬ್ಬನೇ. ಹಗಲೆಲ್ಲ ಸಹಕಾರಿ ಸಂಘದ ಲೆಕ್ಕ ಬರೆಯುವ ಕೆಲಸ ನನ್ನದು, ಒಂದು ರೂಪಾಯಿ ತಾಳೆ ಆಗದಿದ್ದರೂ ಹುಡುಕಿ ಹಿಡಿಯದೆ ಏಳುವವನಲ್ಲ. ಅಂಥವನಿಗೆ ಆ ರಾತ್ರಿಯ 11 ಸೋಲುಗಳ ಲೆಕ್ಕ ಮಾತ್ರ ಹತ್ತಲಿಲ್ಲ. ಹನ್ನೊಂದನೆಯದು ಮುಗಿದಾಗ ಕಿವಿ ಬಿಸಿಯಾಗಿತ್ತು, ಬೆರಳು ನಡುಗುತ್ತಿತ್ತು. ಆಟವನ್ನೇ ಕಂಪ್ಯೂಟರಿನಿಂದ ತೆಗೆದು ಹಾಕಿದೆ. ಮೂವತ್ತು ದಾಟಿದವ ಇಂಥದ್ದಕ್ಕೆ ನಿದ್ದೆ ಕೆಡಿಸಿಕೊಳ್ಳುವುದೇ ಎಂದು ಯಾರಾದರೂ ಕೇಳಬಹುದು. ಕೆಟ್ಟದ್ದು ನಿಜ. ಮನಸ್ಸಿಟ್ಟು ಮಾಡಿದ ಯಾವುದರಲ್ಲಿ ಸೋತರೂ ನಿದ್ದೆ ಕೆಡುತ್ತದೆ, ಅದು ಆಟವಾಗಲಿ, ಅರ್ಥಗಾರಿಕೆಯಾಗಲಿ, ಪರೀಕ್ಷೆಯಾಗಲಿ.

ವಾರ ಕಳೆದು ಅಕ್ಕನ ಮಗ ರಜೆಗೆ ಬಂದ. ಹದಿಮೂರು ವರ್ಷದವ. ಅವನ ಒತ್ತಾಯಕ್ಕೆ ಆಟವನ್ನು ಮತ್ತೆ ಹಾಕಿದೆ. ಅವನು ನನ್ನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಹಲಸಿನ ಹಪ್ಪಳ ಮೆಲ್ಲುತ್ತ ನಾಲ್ಕು ಪಂದ್ಯ ನೋಡಿದ. ನಾಲ್ಕೂ ಸೋತೆ. ಆಮೇಲೆ ಅವನೆಂದ: "ಮಾವ, ನೀವು ಹೆದರಿದಾಗೆಲ್ಲ ಹಾರ್ತೀರಿ ಅಲ್ವಾ?"

ಆ ಆಟದ ನಿಯಮವೂ ಅವನಿಗೆ ನೆಟ್ಟಗೆ ಗೊತ್ತಿರಲಿಲ್ಲ. ಆದರೂ ನನಗೆ ಕಾಣದ್ದು ಅವನಿಗೆ ಕಂಡಿತ್ತು. ಪ್ರತಿಯೊಂದು ಪಂದ್ಯವನ್ನೂ ಆಟ ತಾನೇ ದಾಖಲು ಮಾಡಿ ಇಡುತ್ತದೆ, ಆಡಿದವರು ಆಮೇಲೆ ತೆರೆದು ನೋಡಬಹುದು. ಆವರೆಗೆ ಒಮ್ಮೆಯೂ ನೋಡಿರಲಿಲ್ಲ ನಾನು. ಸೋತದ್ದನ್ನು ಎರಡನೇ ಸಲ ನೋಡಲು ಯಾರಿಗೆ ಮನಸ್ಸು ಬರುತ್ತದೆ? ಆ ರಾತ್ರಿ ನೋಟ್ ಪುಸ್ತಕ ಹಿಡಿದು ಕೂತು ಐದು ಪಂದ್ಯ ನೋಡಿದೆ. ಎದುರಾಳಿಯ ಕಡೆಗೆ 63 ಸಲ ಹಾರಿದ್ದೆ. 41 ಸಲ ಗಾಳಿಯಲ್ಲೇ ಏಟು ತಿಂದಿದ್ದೆ. ತಾಳೆ ಆಗದ ಲೆಕ್ಕ ಅಲ್ಲಿ ಸಿಕ್ಕಿತು.

ಇದರ ಮರ್ಮ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಆಟದ ಸೊಗಸೆಲ್ಲ ಇರುವುದು ಇಲ್ಲೇ. ಪರದೆಯ ಮೇಲೆ ಸೆಕೆಂಡಿಗೆ 60 ಚಿತ್ರ ಓಡುತ್ತವೆ, ಆಡುವವರು ಒಂದೊಂದನ್ನು ಫ್ರೇಮ್ ಎನ್ನುತ್ತಾರೆ. ತೀರ ಚುರುಕಾದ ಒಂದು ಗುದ್ದು ನಾಲ್ಕೇ ಫ್ರೇಮಿನಲ್ಲಿ ಬಂದು ಬಡಿಯುತ್ತದೆ, ಎಂದರೆ ಒಂದು ಸೆಕೆಂಡಿನ ಹದಿನೈದನೇ ಒಂದು ಪಾಲು. ಕಣ್ಣು ಕಂಡು, ತಲೆಗೆ ಮುಟ್ಟಿ, ಬೆರಳು ಒತ್ತಲು ನಮ್ಮಂಥವರಿಗೆ ಸುಮಾರು ಕಾಲು ಸೆಕೆಂಡ್ ಬೇಕು, ಎಂದರೆ ಹದಿನೈದು ಫ್ರೇಮಿನಷ್ಟು. ಹಾಗಾಗಿ ಆ ಗುದ್ದನ್ನು ನೋಡಿ ತಡೆಯುವುದು ಜಗತ್ತಿನ ಯಾವ ಆಟಗಾರನಿಂದಲೂ ಆಗದು. ಅದು ಬರುತ್ತದೆ ಎಂದು ಮೊದಲೇ ಅಂದಾಜು ಮಾಡಿರಬೇಕು. ಹಾರುವುದು ಹಾಗಲ್ಲ. ನೆಲ ಬಿಟ್ಟು ನೆಲ ಮುಟ್ಟುವುದಕ್ಕೆ ಮುಕ್ಕಾಲು ಸೆಕೆಂಡಿನ ಹತ್ತಿರ ಹಿಡಿಯುತ್ತದೆ, ನಡುವೆ ದಿಕ್ಕು ಬದಲಿಸಲಿಕ್ಕೂ ಇಲ್ಲ, ತಡೆಯಲಿಕ್ಕೂ ಇಲ್ಲ. ಎದುರು ನಿಂತವನು ಕಣ್ಣಾರೆ ಕಂಡು, ಸಾವಕಾಶವಾಗಿ ಕೆಳಗಿನಿಂದ ಹೊಡೆಯಬಹುದು. ನಾನು ಪ್ರತಿಸಲ ದಿಗಿಲಾದಾಗಲೂ ಅದೇ ದಾರಿ ಹಿಡಿಯುತ್ತಿದ್ದೆ. ನನ್ನ ಬೆರಳು ನಿಧಾನ, ನನ್ನ ವಯಸ್ಸಾಯಿತು, ಎದುರಿನವರೆಲ್ಲ ಹುಟ್ಟಾ ಪ್ರತಿಭಾವಂತರು ಎಂದೆಲ್ಲ ಅಂದುಕೊಂಡಿದ್ದೆನಲ್ಲ, ಅವು ಯಾವುವೂ ಕಾರಣ ಆಗಿರಲಿಲ್ಲ. ಕಾರಣ ಒಂದು ಅಭ್ಯಾಸ. ಅಭ್ಯಾಸವಾದರೆ ಬಿಡಿಸಬಹುದು.

ಎರಡು ವಾರ ಒಂದೇ ವ್ರತ ಹಿಡಿದೆ: ಮುಂದಕ್ಕೆ ಹಾರಬಾರದು. ಗೆಲ್ಲಬೇಕೆಂಬ ಲೆಕ್ಕ ಬದಿಗಿಟ್ಟು ಪಂದ್ಯ ಮುಗಿದಾಗ ಎಷ್ಟು ಸಲ ಹಾರಿದೆ ಎಂಬುದನ್ನು ಮಾತ್ರ ಪುಸ್ತಕದಲ್ಲಿ ಬರೆದೆ. ಆ ಎರಡು ವಾರ ಮೊದಲಿಗಿಂತಲೂ ಹೆಚ್ಚು ಸೋತೆ. ಹಳೆಯ ಊರುಗೋಲು ಬಿಟ್ಟಾಗ ಕಾಲು ತತ್ತರಿಸುವುದು ಇದ್ದದ್ದೇ. ಆದರೆ ಆ ಸೋಲುಗಳು ಮೊದಲಿನಂತೆ ಕಿವಿ ಬಿಸಿ ಮಾಡಲಿಲ್ಲ. ಏಕೆಂದರೆ 12 ಇದ್ದದ್ದು 9 ಆಗಿ, 4 ಆಗಿ, ಒಂದು ದಿನ ಸೊನ್ನೆ ಎಂದು ಬರೆದಿದ್ದೆ. ಗೆಲುವು ಬರಲು ಶುರುವಾದದ್ದು ಅದಾಗಿ ಒಂದು ತಿಂಗಳ ಮೇಲೆ.

ನಿರಾಶೆಯ ಬಗ್ಗೆ ನನಗೆ ಅರ್ಥವಾದದ್ದು ಇಷ್ಟು. ಸೋಲಿನ ಸಂಖ್ಯೆಗಿಂತ ಹೆಚ್ಚಾಗಿ ನಮ್ಮನ್ನು ಕುಗ್ಗಿಸುವುದು ಸೋಲಿನ ಕಾರಣ ಕಾಣದಿರುವುದು. ಕಾರಣ ಕಾಣದವನು ಕೊನೆಗೆ ತನ್ನನ್ನೇ ಕಾರಣ ಎಂದು ತೀರ್ಮಾನಿಸುತ್ತಾನೆ, ಕಂಟ್ರೋಲರ್ ಚೀಲದಲ್ಲಿ ಹಾಕಿಕೊಂಡು ಮಾರಲು ಹೊರಡುತ್ತಾನೆ. ಕಾರಣ ಕಾಣಲು ಹೊರಗಿನ ಕಣ್ಣು ಬೇಕು, ಪಕ್ಕದಲ್ಲಿ ಒಂದು ಕುರ್ಚಿ ಬೇಕು.

ನಮ್ಮ ಕಾಸರಗೋಡು ಜಿಲ್ಲೆಗೆ ಇದು ಹೊಸ ಮಾತೇನೂ ಅಲ್ಲ. ಕಬಡ್ಡಿಯನ್ನೇ ನೋಡಿ. ಕುಂಬಳೆಯ ಜಗದೀಶ್ ಪ್ರೊ ಕಬಡ್ಡಿಯ ತೆಲುಗು ಟೈಟಾನ್ಸ್ ತಂಡಕ್ಕೆ ಕೋಚ್ ಆದವರು. ಅಂಥವರು ಆಕಾಶದಿಂದ ಇಳಿದು ಬರುವುದಿಲ್ಲ, ಕೊಯ್ಲಾದ ಗದ್ದೆಯಲ್ಲಿ ಸುಣ್ಣದ ಗೆರೆ ಎಳೆದು ಆಡುವ ಊರುಗಳಿಂದ ಬರುತ್ತಾರೆ. ನಾನೂ ಹದಿನೇಳರ ವಯಸ್ಸಿನಲ್ಲಿ ಅಂಥದ್ದೊಂದು ಗದ್ದೆಯಲ್ಲಿ ಕಾರ್ನರಿನಲ್ಲಿ ನಿಲ್ಲುತ್ತಿದ್ದೆ. ರೈಡಿಗೆ ಬಂದವರೆಲ್ಲ ನನ್ನನ್ನೇ ಮುಟ್ಟಿ ಹೋಗುತ್ತಿದ್ದರು. ಒಂದು ಸಂಜೆ ಬದುವಿನ ಮೇಲೆ ಕೂತಿದ್ದ ಹಳೆಯ ಆಟಗಾರರೊಬ್ಬರು ಕರೆದು, "ನೀನು ಹಿಡಿಯಲಿಕ್ಕೆ ಹೊರಡುವ ಮೊದಲು ಎಡಗಾಲಿನ ಹಿಮ್ಮಡಿ ಎತ್ತುತ್ತೀ ಮಾರಾಯ. ಅವನಿಗೆ ಅಷ್ಟು ಸಾಕು, ಗೊತ್ತಾಗ್ತದೆ," ಅಂದರು. ಬೈಗುಳವಿಲ್ಲ, ಹೊಗಳಿಕೆಯೂ ಇಲ್ಲ. ಹಿಮ್ಮಡಿಯ ಮಾತು ಮಾತ್ರ. ಮೂವತ್ತು ಸೆಕೆಂಡಿನ ಒಂದು ರೈಡಿನಲ್ಲಿ ಆ ಹಿಮ್ಮಡಿಯನ್ನು ಕಂಡುಹಿಡಿದ ಕಣ್ಣು ಅದು.

ತಾಳಮದ್ದಳೆಯೂ ಹಾಗೆಯೇ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳನ್ನು ಕೊಟ್ಟ ನೆಲ ಇದು. ವೇಷವಿಲ್ಲ, ಕುಣಿತವಿಲ್ಲ, ಇಬ್ಬರು ಎದುರುಬದುರು ಕೂತು ಮಾತಿನಲ್ಲಿ ಹಣಾಹಣಿ ನಡೆಸುವ ಕಲೆ. ಬಾಯಿಪಾಠದ ಸಂಭಾಷಣೆ ಇಲ್ಲ, ಎದುರಿನವರು ಯಾವ ಪ್ರಶ್ನೆ ಎಸೆಯುತ್ತಾರೆಂದು ಮೊದಲೇ ತಿಳಿಯದು. ನನ್ನ ದೊಡ್ಡಪ್ಪ ಹವ್ಯಾಸಿ ಅರ್ಥಧಾರಿ. ಒಮ್ಮೆ ವಾಲಿವಧೆಯಲ್ಲಿ ಅವರು ರಾಮ, ಎದುರು ಪಳಗಿದ ವಾಲಿ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ಮೂರು ಕಡೆಯಿಂದ ಬಳಸಿ ಕೇಳಿದಾಗ ದೊಡ್ಡಪ್ಪನ ಮಾತು ನಿಂತುಹೋಯಿತು, ಭಾಗವತರು ಪದ ಎತ್ತಿ ಪಾರು ಮಾಡಬೇಕಾಯಿತು. ಹಿಂದಿರುಗುವಾಗ ಅದೇ ವಾಲಿ ಅದೇ ಜೀಪಿನಲ್ಲಿ ದೊಡ್ಡಪ್ಪನ ಪಕ್ಕ ಕೂತಿದ್ದರು. ಬದಿಯಡ್ಕ ಬರುವವರೆಗೂ ಅವರು ಹೇಳಿಕೊಟ್ಟದ್ದು ಒಂದೇ: "ನಾನು ಕೇಳಿದ್ದಕ್ಕೆಲ್ಲ ಉತ್ತರ ಕೊಡಲು ಹೋದಿರಿ ನೀವು. ಒಂದು ಪ್ರಶ್ನೆ ತಿರುಗಿ ಕೇಳಿದ್ದರೆ ನಾನು ನಿಲ್ಲಬೇಕಿತ್ತು." ಹಿಂದಿನ ಸೀಟಿನಲ್ಲಿ ಅರೆನಿದ್ದೆಯಲ್ಲಿದ್ದ ನನಗೆ ಆ ಮಾತು ಇಂದಿಗೂ ನೆನಪಿದೆ. ಸೋಲಿಸಿದವರೇ ಸೋಲಿನ ಗುಟ್ಟು ಬಿಟ್ಟುಕೊಡುತ್ತಿದ್ದರು.

ಫೈಟಿಂಗ್ ಗೇಮಿನ ಲೋಕವೂ ಬೆಳೆದದ್ದು ಹೀಗೆಯೇ. ನಮ್ಮ ಊರಿನಲ್ಲಿ ನಾನು ಅದನ್ನು ಮೊದಲು ಕಂಡದ್ದು 2002ರ ಸುಮಾರಿಗೆ, ದುಬೈಯಿಂದ ರಜೆಯಲ್ಲಿ ಬಂದ ನೆರೆಮನೆಯವರು ತಂದ ಪ್ಲೇಸ್ಟೇಷನ್ನಿನಲ್ಲಿ. ಆಟ ಟೆಕ್ಕನ್ 3. ಒಂದು ಟೀವಿ, ಎರಡು ಕಂಟ್ರೋಲರ್, ಚಾಪೆಯ ಮೇಲೆ ಎಂಟು ಮಕ್ಕಳು. ಕನ್ನಡದವರು, ಮಲಯಾಳದವರು, ತುಳುವಿನವರು ಎಲ್ಲ ಸೇರಿ. ಸೋತವ ಏಳಬೇಕು, ಮುಂದಿನವ ಕೂರಬೇಕು. ಎಡ್ಡಿ ಎಂಬ ಜಟ್ಟಿ ಕಾಲು ಬೀಸಿ ಬೀಸಿ ತಿರುಗುತ್ತಿದ್ದ, ಒದೆಯುವ ಎರಡು ಗುಂಡಿ ಸುಮ್ಮನೆ ಒತ್ತುತ್ತಿದ್ದರೂ ಗೆಲುವು. ಎಡ್ಡಿಯನ್ನು ಹಿಡಿದವನೇ ರಾಜ. ಮೂರನೇ ದಿನ ಒಬ್ಬ ದೊಡ್ಡ ಹುಡುಗ ತಾಳ್ಮೆಯಿಂದ ತಡೆದು ನಿಂತು, ಆ ತಿರುಗಾಟದ ನಡುವಿನ ಸಂದು ನೋಡಿ ಹೊಡೆದ. ಉಳಿದ ಏಳು ಮಂದಿಯೂ ನೋಡಿದೆವು. ಆ ಸಂಜೆಗೆ ಎಡ್ಡಿಯ ಆಳ್ವಿಕೆ ಮುಗಿಯಿತು. ಯಾರೂ ಯಾರಿಗೂ ಪಾಠ ಮಾಡಿರಲಿಲ್ಲ, ಒಂದೇ ಕೋಣೆಯಲ್ಲಿ ಕೂತಿದ್ದೆವು, ಅಷ್ಟೇ.

ಇದೇ ಸಂಗತಿ ದೊಡ್ಡ ಪ್ರಮಾಣದಲ್ಲಿ ಲಾಹೋರಿನಲ್ಲಿ ನಡೆಯಿತು. 2019ರ ಫೆಬ್ರವರಿಯಲ್ಲಿ ಜಪಾನಿನ ಫುಕುವೋಕದಲ್ಲಿ ನಡೆದ ಈವೋ ಜಪಾನ್ ಪಂದ್ಯಾವಳಿಯಲ್ಲಿ ಟೆಕ್ಕನ್ 7 ಗೆದ್ದವನು ಅರ್ಸಲಾನ್ ಆಶ್ ಎಂಬ ಪಾಕಿಸ್ತಾನದ ತರುಣ. ಅದೇ ಆಗಸ್ಟಿನಲ್ಲಿ ಅಮೆರಿಕದ ಲಾಸ್ ವೇಗಸ್ಸಿನ ಈವೋವನ್ನೂ ಗೆದ್ದ. ಅಲ್ಲಿಯವರೆಗೆ ಟೆಕ್ಕನ್ ಎಂದರೆ ಕೊರಿಯಾ, ಜಪಾನ್ ಎಂದೇ ಲೆಕ್ಕ. ಗೆದ್ದ ಮೇಲೆ ಅವನು ಹೇಳಿದ ಮಾತು ಎಲ್ಲರನ್ನೂ ಬೆಚ್ಚಿಸಿತು: ತನ್ನ ಊರಿನಲ್ಲಿ ತನಗೆ ಸರಿಸಮನಾಗಿ ಆಡುವವರು ಇನ್ನೂ ಇದ್ದಾರೆ ಎಂದು. ನೀ ಎಂಬ ಹೆಸರಿನಲ್ಲಿ ಆಡುವ ಕೊರಿಯಾದ ಮೇರು ಆಟಗಾರ ಅದನ್ನು ಪರೀಕ್ಷಿಸಲು ಪಾಕಿಸ್ತಾನಕ್ಕೇ ಹೋದ. ಮಾತು ನಿಜವಾಗಿತ್ತು. ಒಬ್ಬೊಬ್ಬನೇ ಮನೆಯಲ್ಲಿ ಕೂತು ಕಲಿತವರಲ್ಲ ಅವರು, ಲಾಹೋರಿನ ಗೇಮ್ ಅಂಗಡಿಗಳಲ್ಲಿ ದಿನಾ ಒಬ್ಬರನ್ನೊಬ್ಬರು ಸೋಲಿಸುತ್ತ, ತಿದ್ದುತ್ತ ಬೆಳೆದವರು. ಹಣವಾಗಲಿ, ಸಲಕರಣೆಯಾಗಲಿ ನಮಗಿಂತ ಹೆಚ್ಚೇನೂ ಇರಲಿಲ್ಲ ಅವರಿಗೆ.

ಸೋತು ಬಿಟ್ಟುಹೋಗುವ ಮಕ್ಕಳಿಗೆ ನಾನು ಹೇಳುವ ಕತೆಗಳು ಇನ್ನೂ ಎರಡಿವೆ. ಈ ಲೋಕದಲ್ಲಿ ಅತಿ ಹೆಚ್ಚು ಜನ ನೋಡಿದ ಒಂದು ತುಣುಕು ಇದೆ. 2004ರ ಈವೋದಲ್ಲಿ ಜಪಾನಿನ ದೈಗೋ ಉಮೆಹಾರ ಒಂದೇ ಒಂದು ಏಟು ತಡೆದುಕೊಳ್ಳುವ ಶಕ್ತಿಯೂ ಉಳಿಯದ ಸ್ಥಿತಿಯಲ್ಲಿ, ಜಸ್ಟಿನ್ ವಾಂಗ್ ಬಿಟ್ಟ ಹದಿನೈದು ಒದೆತಗಳನ್ನು ಒಂದೊಂದಾಗಿ ತಳ್ಳಿ ತಿರುಗಿ ಹೊಡೆದು ಗೆದ್ದದ್ದು. ಆ ಒದೆತ ತಳ್ಳಬೇಕಾದರೆ ಹಿಂದೆ ಸರಿಯಬಾರದು, ಅದು ಬಂದು ತಾಗುವ ಕ್ಷಣಕ್ಕೆ ಸರಿಯಾಗಿ ಅದರ ಕಡೆಗೇ ಒತ್ತಬೇಕು. ತುಣುಕನ್ನು ಲಕ್ಷಾಂತರ ಜನ ನೋಡಿದ್ದಾರೆ, ಆದರೆ ದೈಗೋ ಆ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ಸೋತ ಎಂಬುದು ಅನೇಕರಿಗೆ ಗೊತ್ತಿಲ್ಲ. ಮುಂದೆ ಅವನು ಆಟವನ್ನೇ ಬಿಟ್ಟು ವೃದ್ಧರ ಆರೈಕೆಯ ಕೆಲಸಕ್ಕೆ ಸೇರಿದ. ಸ್ಟ್ರೀಟ್ ಫೈಟರ್ 4 ಬಂದಾಗ ಮರಳಿ ಬಂದು 2009ರಲ್ಲೂ 2010ರಲ್ಲೂ ಈವೋ ಗೆದ್ದ.

ಇನ್ನೊಬ್ಬ ಅಮೆರಿಕದ ಪಂಕ್. 2017ರ ಈವೋ ಅಂತಿಮ ಪಂದ್ಯದಲ್ಲಿ ಟೋಕಿಡೋ ಎದುರು ಸೋತು ಅತ್ತ ಹುಡುಗ, ಆಗ ಇಪ್ಪತ್ತು ಕೂಡ ತುಂಬಿರಲಿಲ್ಲ. ಅವನು ಈವೋ ಗೆದ್ದದ್ದು 2024ರಲ್ಲಿ. ನಡುವೆ ಏಳು ವರ್ಷ.

ವಯಸ್ಸಿನ ಮಾತು ಎತ್ತುವವರಿಗೆ: 2023ರ ಸೆಪ್ಟೆಂಬರಿನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಸ್ಟ್ರೀಟ್ ಫೈಟರ್ 5ರ ಚಿನ್ನ ಗೆದ್ದ ಕೊರಿಯಾದ ಕಿಮ್ ಗ್ವಾನ್-ವೂಗೆ 44 ವರ್ಷ. ಆ ಸ್ಪರ್ಧೆಯಲ್ಲಿ ಭಾರತದ ಇಬ್ಬರು ಆಡಿದ್ದರು, ಅಯಾನ್ ಬಿಸ್ವಾಸ್ ಮತ್ತು ಮಯಂಕ್ ಪ್ರಜಾಪತಿ.

ನೆಟ್ಟಿನಲ್ಲಿ ಇಡೀ ಜಗತ್ತೇ ಆಡಲು ಸಿಗುವಾಗ ಕೋಣೆ, ಕುರ್ಚಿ ಯಾಕೆ ಎಂದು ನನ್ನ ಅಕ್ಕನ ಮಗನೇ ಕೇಳಿದ್ದ. ಸಿಗುವುದು ಎದುರಾಳಿ ಮಾತ್ರ. ಮೂರು ಸುತ್ತು ಮುಗಿದರೆ ಅವನು ಯಾರೋ, ನಾನು ಯಾರೋ. ಹೆಚ್ಚೆಂದರೆ ಒಂದು ಬೈಗುಳದ ಸಂದೇಶ ಬಂದೀತು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋಗುವುದು, ಮರ ಬಿದ್ದು ಕೇಬಲ್ ಕಡಿಯುವುದು ಬೇರೆ. ಸಂಪರ್ಕ ತಡವರಿಸಿದರೆ ನಾನು ಒತ್ತಿದ್ದು ಅಲ್ಲಿಗೆ ಮುಟ್ಟುವ ಮೊದಲೇ ಏಟು ಬಿದ್ದಿರುತ್ತದೆ. ಆಗ ಸೋತದ್ದು ನನ್ನ ತಪ್ಪಿನಿಂದಲೋ ತಂತಿಯ ತಪ್ಪಿನಿಂದಲೋ ಎಂದೇ ತಿಳಿಯದು. ಕಲಿಯುವವನಿಗೆ ಇದಕ್ಕಿಂತ ದೊಡ್ಡ ಅಡ್ಡಿ ಇಲ್ಲ. ಒಂದೇ ಯಂತ್ರಕ್ಕೆ ಎರಡು ಕಂಟ್ರೋಲರ್ ಸಿಕ್ಕಿಸಿ ಅಕ್ಕಪಕ್ಕ ಕೂತರೆ ಆ ಸಂದೇಹ ಇಲ್ಲ.

ಹಿರಿಯರಿಗೊಂದು ಮಾತು. ಆನ್‌ಲೈನ್ ಗೇಮ್ ಎಂದ ಕೂಡಲೇ ನಿಮಗೆ ಹಣ ಕಟ್ಟಿ ಆಡುವ ರಮ್ಮಿ, ಸಾಲ, ಮುಳುಗಿದ ಮನೆಗಳು ನೆನಪಾಗುತ್ತವೆ. ಆ ಭಯ ನ್ಯಾಯವಾದದ್ದೇ. ಆದರೆ ಅದು ಬೇರೆ, ಇದು ಬೇರೆ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಇ-ಸ್ಪೋರ್ಟ್ಸನ್ನು ಕ್ರೀಡಾ ಖಾತೆಯ ಕೆಳಗೆ ತಂದಿತು. 2025ರ ಆಗಸ್ಟಿನ ಕಾನೂನು ಹಣದ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸಿಗೆ ಮಾನ್ಯತೆ ಕೊಟ್ಟಿತು. ಹೊತ್ತು ಗೊತ್ತಿಲ್ಲದೆ ಆಡುವ ಮಗುವನ್ನು ತಡೆಯಿರಿ, ತಡೆಯಲೇಬೇಕು. ಹಾಗೆ ಆಡುವವರು ಹೆಚ್ಚಾಗಿ ಬಾಗಿಲು ಹಾಕಿಕೊಂಡು ಒಬ್ಬರೇ ಆಡುವವರು ಎಂಬುದನ್ನೂ ಗಮನಿಸಿ. ಚಾಪೆಯ ಮೇಲೆ ಎಂಟು ಮಂದಿ ಸರದಿ ಕಾಯುವಲ್ಲಿ ಯಾರಿಗೂ ರಾತ್ರಿಯಿಡೀ ಆಡಲು ಸಿಗುವುದಿಲ್ಲ.

ಕಾಸರಗೋಡು ಜಿಲ್ಲೆಯಲ್ಲಿ ಕ್ಲಬ್ಬುಗಳಿಗೆ ಬರವಿಲ್ಲ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಯಾವ ಪೇಟೆಗೆ ಹೋದರೂ ಒಂದು ಆರ್ಟ್ಸ್ ಅಂಡ್ ಸ್ಪೋರ್ಟ್ಸ್ ಕ್ಲಬ್, ಒಂದು ಯುವಕ ಸಂಘ, ಒಂದು ವಾಚನಾಲಯ ಇದ್ದೇ ಇರುತ್ತದೆ. ಕೇರಂ ಬೋರ್ಡು, ಕನ್ನಡದ ಮತ್ತು ಮಲಯಾಳದ ಪತ್ರಿಕೆ, ಗೋಡೆಯ ಕಪಾಟಿನಲ್ಲಿ ಹಗ್ಗಜಗ್ಗಾಟದ, ಕಬಡ್ಡಿಯ ಟ್ರೋಫಿಗಳು. ಫುಟ್‌ಬಾಲ್ ವಿಶ್ವಕಪ್ ಬಂದರೆ ಇದೇ ಕ್ಲಬ್ಬುಗಳು ರಸ್ತೆ ಬದಿಯಲ್ಲಿ ದೊಡ್ಡ ಪರದೆ ಕಟ್ಟಿ ಊರನ್ನೇ ಕೂರಿಸುತ್ತವೆ. ಅವರಲ್ಲಿ ನನ್ನ ಕೋರಿಕೆ ಸಣ್ಣದು. ವಾರಕ್ಕೆ ಒಂದು ಸಂಜೆ, ಶನಿವಾರ ಐದರಿಂದ ಎಂಟರವರೆಗೆ, ಕೇರಂ ಬೋರ್ಡಿನ ಪಕ್ಕದಲ್ಲಿ ಒಂದು ಟೀವಿಗೆ ಜಾಗ ಕೊಡಿ. ಹೊಸ ಆಟವೇ ಬೇಕೆಂದಿಲ್ಲ, 2014ರ ಅಲ್ಟ್ರಾ ಸ್ಟ್ರೀಟ್ ಫೈಟರ್ 4 ಸಾಧಾರಣ ಕಂಪ್ಯೂಟರಿನಲ್ಲೂ ಓಡುತ್ತದೆ. ಬಹುಮಾನ ಬೇಡ, ಬ್ಯಾನರ್ ಬೇಡ, ಉದ್ಘಾಟನೆಯ ದೀಪವೂ ಬೇಡ. ಆಡುವ ಇಬ್ಬರಿಗೆ ಎರಡು ಕುರ್ಚಿ, ನೋಡುವವರಿಗೆ ಒಂದು ಬೆಂಚು ಸಾಕು. ಹುಡುಗಿಯರೂ ಬಂದು ಆಡುವಂತಿರಲಿ. ಬದುವಿನ ಮೇಲೆ ಕೂತು ಹಿಮ್ಮಡಿ ನೋಡುತ್ತಿದ್ದಂಥ ಹಿರಿಯರೂ ಬಂದು ಕೂರಲಿ, ಆಟ ಗೊತ್ತಿಲ್ಲದಿದ್ದರೂ ಅವರಿಗೆ ಕಾಣುವುದು ಕಂಡೇ ಕಾಣುತ್ತದೆ.

ನೀರ್ಚಾಲು, ಬದಿಯಡ್ಕ, ಪೆರ್ಲ, ಕುಂಬಳೆ, ಎಲ್ಲಿಯ ಕ್ಲಬ್ಬಿನವರು ಕರೆದರೂ ನಾನು ಬರುತ್ತೇನೆ. ಕಂಪ್ಯೂಟರ್ ನನ್ನದೇ ತರುತ್ತೇನೆ. ಕಂಟ್ರೋಲರ್ ಎರಡಿವೆ, ಒಂದು ನನ್ನದು, ಇನ್ನೊಂದು ಆ ಹುಡುಗನದು. ಅದನ್ನು ನಾನು ಇನ್ನೂ ಬಳಸಿಲ್ಲ, ಅವನಿಗಾಗಿ ಒರೆಸಿ ಇಟ್ಟಿದ್ದೇನೆ.